ಪರದೆ ಮರೆಯ ಮಾವ

ಹಾಸ್ಟೆಲ್, ಜುಲೈ 14

ಪ್ರೀತಿಯ ಮಾವ,

ನಾನು ಕ್ಷೇಮ. ಹೀಗೆ ಶುರು ಮಾಡಿದರೆ ಮುಂದಿನದನ್ನು ನೀನು ನಂಬುವುದಿಲ್ಲ ಅಂತ ಗೊತ್ತು, ಆದರೂ ಕ್ಷೇಮ. ರೂಮಿನಲ್ಲಿ ನಾನು ಮತ್ತು ಒಂದು ಖಾಲಿ ಮಂಚ. ಆ ಮಂಚದ ಹುಡುಗಿ ಎರಡು ದಿನ ಅತ್ತು ಮನೆಗೆ ಹೋದವಳು ಮತ್ತೆ ಬರಲಿಲ್ಲ. ಬಕೆಟ್ ಬಿಟ್ಟು ಹೋಗಿದ್ದಾಳೆ. ಹಾಗಾಗಿ ನನಗೀಗ ಎರಡು ಬಕೆಟ್. ಕಾಲೇಜಿನಿಂದ ಇದುವರೆಗೆ ಆದ ಲಾಭ ಇಷ್ಟೇ.

ಪಾಠವೆಲ್ಲ ಇಂಗ್ಲಿಷಿನಲ್ಲಿ. ಗಣಿತದ ಮೇಷ್ಟ್ರು ಬೋರ್ಡಿನ ಕಡೆ ತಿರುಗಿಕೊಂಡೇ ಮಾತಾಡುತ್ತಾರೆ, ಬೋರ್ಡಿಗೆ ಅರ್ಥವಾಗುತ್ತಿರಬೇಕು. ನನ್ನದು ಕೊನೆಯ ಬೆಂಚು. ಮೊದಲ ದಿನ ಎಲ್ಲಿ ಕೂತೆವೋ ಅದೇ ಜಾಗ ಎಂದು ಇಲ್ಲಿ ಯಾರೂ ಹೇಳಿಲ್ಲ, ಎಲ್ಲರೂ ಪಾಲಿಸುತ್ತಾರೆ. ಊಟದ ಹಾಲಿನಲ್ಲೂ ಹಾಗೇ, ಮೇಜಿಗೊಂದು ಗುಂಪು. ನಾನು ನೀರಿನ ಡ್ರಮ್ಮಿನ ಪಕ್ಕ ನಿಂತು ತಿನ್ನುತ್ತೇನೆ. ನಿಂತು ತಿಂದರೆ ಬೇಗ ಮುಗಿಯುತ್ತದೆ, ಓದಲು ಸಮಯ ಸಿಗುತ್ತದೆ.

ವಾರ್ಡನ್ ರೂಮಿನಲ್ಲಿ ಒಂದೇ ಫೋನು, ಅವರ ಎದುರೇ ಮಾತಾಡಬೇಕು. ಅದಕ್ಕೇ ಪತ್ರ. ಅಮ್ಮನಿಗೂ ಬರೆದಿದ್ದೇನೆ. ಆ ಪತ್ರದಲ್ಲಿ ಕೂತು ತಿನ್ನುತ್ತೇನೆ.

ನಿನ್ನ ಸಾಸಿವೆ


ಕಂಪನಿ ಕ್ಯಾಂಪ್, ಜುಲೈ 25

ಸಾಸಿವೆ,

ನಿನ್ನ ಪತ್ರ ಮೂರು ಊರು ಸುತ್ತಿ ಕೈಸೇರಿತು. ನಮ್ಮ ನಾಟಕ ಕಂಪನಿ ಒಂದೇ ಕಡೆ ನಿಂತರೆ ಮಾಲೀಕರಿಗೆ ಕಾಲು ನೋವು ಬರುತ್ತದೆ.

ಫೋನಿಗಿಂತ ಪತ್ರವೇ ವಾಸಿ. ಇಷ್ಟು ವರ್ಷ ಸೈಡ್ ವಿಂಗಿನ ಸ್ಟೂಲಿನ ಮೇಲೆ ಕೂತು ಬೇರೆಯವರ ಬಾಯಿಗೆ ಮಾತು ಹಾಕಿ ಹಾಕಿ, ನನ್ನ ಬಾಯಿಗೆ ನನ್ನದೇ ಮಾತು ಬಂದರೆ ಗುರುತು ಹತ್ತುವುದಿಲ್ಲ. ಕನ್ನಡ ಮಾಧ್ಯಮದ ಬಿ.ಎ. ಮುಗಿಸಿ ಪ್ರಾಂಪ್ಟರ್ ಆದವನು ನಾನೊಬ್ಬನೇ ಇರಬೇಕು. ನಮ್ಮ ಮನೆಯಲ್ಲಿ ನನ್ನ ನಂತರ ಕಾಲೇಜಿನ ಮೆಟ್ಟಿಲು ಹತ್ತಿದವಳು ನೀನು. ನಾನು ಹತ್ತಿ, ಇಳಿದು, ಪರದೆ ಮರೆ ಸೇರಿದೆ. ನೀನು ಅಲ್ಲೇ ಇರು.

ಈ ಸಲದ ಸಾಲು:
ಪರಿಚಯವಿಲ್ಲದೆ ಊರೂ ಕಾಡು,
ಒಬ್ಬರು ಸಿಕ್ಕರೆ ಕಾಡೂ ನಾಡು.

ಮುಂದಿನದು ನಿನ್ನದು. ಎಂಟು ವರ್ಷದವಳಿದ್ದಾಗಿನಿಂದ ಈ ಆಟದಲ್ಲಿ ನೀನು ಸೋತದ್ದಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ನಿನ್ನಮ್ಮ ಕೆಲಸದ ನಡುವೆ ಎಲ್ಲರಿಗೂ ‘ನಮ್ಮ ಹುಡುಗಿ ಬಿ.ಎಸ್ಸಿ.’ ಎನ್ನುತ್ತಾಳಂತೆ. ರೋಗಿಗಳನ್ನೂ ಬಿಡುತ್ತಿಲ್ಲವಂತೆ.

ಮಾವ


ಹಾಸ್ಟೆಲ್, ಆಗಸ್ಟ್ 18

ಮಾವ,

ಮುಂದಿನ ಸಾಲು: ‘ಯಾರೂ ಸಿಗದಿರೆ ಗೋಡೆ ನೋಡು.’

ಮೊದಲ ಟೆಸ್ಟ್ ಪರವಾಗಿಲ್ಲ. ಪರವಾಗಿಲ್ಲ ಎಂದರೆ ಗಣಿತ, ಭೌತಶಾಸ್ತ್ರ ಎರಡೂ ಹೋಗಿವೆ. ನವೆಂಬರಿನ ಪರೀಕ್ಷೆಯಲ್ಲೂ ಹೀಗೇ ಆದರೆ ಹಾಸ್ಟೆಲ್ ಸೀಟು ಹೋಗುತ್ತದೆ. ಸೀಟು ಹೋದರೆ ಓದೂ ಹೋಯಿತು, ಹೊರಗೆ ರೂಮು ಮಾಡಿ ಓದಿಸುವ ಶಕ್ತಿ ಅಮ್ಮನಿಗಿಲ್ಲ.

ಓದುತ್ತಿಲ್ಲವೆಂದಲ್ಲ. ಮೇಷ್ಟ್ರನ್ನು ಕೇಳೋಣ ಎಂದು ಒಂದು ದಿನ ಕೈಯನ್ನು ಅರ್ಧ ಎತ್ತಿದೆ. ಮುಂದಿನ ಬೆಂಚಿನವರೆಲ್ಲ ತಿರುಗಿದರು. ಅದೇ ಕೈಯಲ್ಲಿ ಕೂದಲು ಸರಿಮಾಡಿಕೊಂಡೆ. ಗೊತ್ತಿಲ್ಲ ಎಂದು ಹೇಳಿಕೊಳ್ಳಲೂ ಗೊತ್ತಿರುವವರು ಒಬ್ಬರಾದರೂ ಬೇಕು ಮಾವ.

ನಿಮ್ಮ ಕಂಪನಿಯಲ್ಲಿ ವೇಷದ ಬಟ್ಟೆ ಇಸ್ತ್ರಿ ಮಾಡಲು ಜನ ಬೇಕಾ? ತಮಾಷೆಗೆ ಕೇಳುತ್ತಿಲ್ಲ.

ಸಾಸಿವೆ


ಕಂಪನಿ ಕ್ಯಾಂಪ್, ಆಗಸ್ಟ್ 28

ಸಾಸಿವೆ,

ಬೇಡ. ಇಲ್ಲಿ ರಾಜನ ಪೋಷಾಕಿಗೇ ಇಸ್ತ್ರಿ ಇಲ್ಲ.

ನಮ್ಮ ನಾಯಕನ ಕತೆ ಹೇಳುತ್ತೇನೆ ಕೇಳು. ತುಂಬಿದ ಸಭೆ, ಕತ್ತಿ ಹಿರಿದು ನಿಂತ, ಮಾತು ನಿಂತುಹೋಯಿತು. ಅವನಿಗೆ ಪಾರ್ಟು ಮರೆತಿರಲಿಲ್ಲ, ಒಂಟಿ ಎನಿಸಿಬಿಟ್ಟಿತ್ತು, ಅಷ್ಟೇ. ನಾನು ಒಂದು ಪದ ಎಸೆದೆ. ಮುಂದಿನ ಅರ್ಧ ಗಂಟೆ ಅವನೇ ಗುಡುಗಿದ. ಚಪ್ಪಾಳೆ ಅವನಿಗೆ, ಸೊಳ್ಳೆ ನನಗೆ. ನಿನಗೂ ಲೆಕ್ಕ ಬರುವುದಿಲ್ಲವೆಂದಲ್ಲ. ಒಂದು ಪದ ಎಸೆಯುವವರು ಬೇಕು.

ಸ್ವಲ್ಪ ತಡಿ. ಯಾರಾದರೂ ಸಿಕ್ಕೇ ಸಿಗುತ್ತಾರೆ. ಇದು ಜ್ಯೋತಿಷ್ಯವಲ್ಲ, ಅನುಭವ. ನಿನ್ನಮ್ಮನಿಗೆ ಈಗಲೇ ಏನೂ ಬರೆಯಬೇಡ.

ನಾಳೆ ಪೇಟೆಗೆ ಹೋಗಿ ಒಂದು ಫೋನ್ ಮಾಡುವುದಿದೆ, ಕಿರೀಟದ ವಿಷಯ. ಇಲ್ಲಿಗೆ ನಿಲ್ಲಿಸುತ್ತೇನೆ.

ಮಾವ


ಹಾಸ್ಟೆಲ್, ಸೆಪ್ಟೆಂಬರ್ 21

ಮಾವ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಸಿಕ್ಕಿದರು.

ಕೊನೆಯ ವರ್ಷದವಳು. ಬಲ್ಬ್ ಬದಲಿಸಲು ವಾಚ್‌ಮನ್ ಸ್ಟೂಲ್ ಹುಡುಕುವುದಿಲ್ಲ, ಅವಳನ್ನು ಕರೆಯುತ್ತಾನೆ, ಅಷ್ಟು ಉದ್ದ. ಎಲ್ಲರೂ ಏಣಿ ಎನ್ನುತ್ತಾರೆ, ನಾನು ಏಣಿ ಅಕ್ಕ ಎನ್ನುತ್ತೇನೆ. ಡ್ರಮ್ಮಿನ ಹತ್ತಿರ ಬಂದವಳೇ, ‘ತಟ್ಟೆ ಹಿಡಿದು ನಿಲ್ಲಬೇಡ, ಕುರ್ಚಿ ಖಾಲಿ ಬಿಡಬೇಡ’ ಎಂದಳು. ನಾನು ‘ಕೂತ ಮೇಲೆ ಕೊರೆಯಬೇಡ’ ಎಂದುಬಿಟ್ಟೆ. ಇಡೀ ಮೇಜು ನಕ್ಕಿತು. ನನ್ನನ್ನು ನೋಡಿ ಅಲ್ಲ, ನನ್ನ ಮಾತಿಗೆ. ಈ ಎರಡರ ವ್ಯತ್ಯಾಸ ನನಗೆ ಮರೆತೇಹೋಗಿತ್ತು.

ಆ ಮೇಜಿನಲ್ಲಿ ಇನ್ನಿಬ್ಬರು. ಒಬ್ಬಳು ‘ಜ್ವರ’, ಪರೀಕ್ಷೆ ಎಂದರೆ ಹಣೆ ಮುಟ್ಟಿಕೊಳ್ಳುತ್ತಾಳೆ. ಇನ್ನೊಬ್ಬಳು ‘ಗಡಿಯಾರ’, ನನ್ನ ಕ್ಲಾಸಿನವಳೇ, ಎರಡನೆಯ ಬೆಂಚು. ಇವರದೊಂದು ಪದ್ಧತಿ ಇದೆ. ಊಟ ಮುಗಿದ ತಟ್ಟೆ ಪಕ್ಕಕ್ಕೆ ತಳ್ಳಿ, ಲೋಟದ ನೀರಿನಲ್ಲಿ ಬೆರಳದ್ದಿ ಮೇಜಿನ ಮೇಲೆ ಲೆಕ್ಕ ಬರೆಯುತ್ತಾರೆ. ಒಣಗುವುದರೊಳಗೆ ಬಿಡಿಸಬೇಕು. ನಾನು ತಡವರಿಸಿದರೆ ‘ಒಣಗ್ತಾ ಇದೆ, ಒಣಗ್ತಾ ಇದೆ’ ಎಂದು ಮೂವರೂ ರೇಗಿಸುತ್ತಾರೆ. ತಪ್ಪಾದರೆ ಅಂಗೈಯಲ್ಲಿ ಒರೆಸಿ ಇನ್ನೊಂದು. ತಪ್ಪು ಯಾರಿಗೂ ನೆನಪಿರುವುದಿಲ್ಲ, ಮೇಜಿಗೂ.

ನಿನ್ನೆ ಕ್ಲಾಸಿನಲ್ಲಿ ಕೈ ಪೂರ್ತಿ ಎತ್ತಿದೆ. ಮುಂದಿನವರು ತಿರುಗಿದರು. ಗಡಿಯಾರವೂ ತಿರುಗಿ, ತನ್ನ ಬ್ಯಾಗನ್ನು ಬೆಂಚಿನಿಂದ ಕೆಳಗಿಟ್ಟಳು. ಹೋಗಿ ಅಲ್ಲಿ ಕೂತೆ. ಮೇಷ್ಟ್ರು ಮೊದಲ ಸಲ ಬೋರ್ಡು ಬಿಟ್ಟು ನನ್ನ ಕಡೆ ನೋಡಿ ಪಾಠ ಹೇಳಿದರು. ಅವರಿಗೆ ಮೀಸೆ ಇದೆ ಅಂತ ಗೊತ್ತೇ ಇರಲಿಲ್ಲ.

ಸಾಸಿವೆ


ಕಂಪನಿ ಕ್ಯಾಂಪ್, ಅಕ್ಟೋಬರ್ 3

ಸಾಸಿವೆ,

ನಾನು ಹೇಳಲಿಲ್ಲವೆ? ನಿನ್ನ ಪತ್ರವನ್ನು ಮೇಕಪ್ಪಿನವನಿಗೂ ಓದಿ ಹೇಳಿದೆ. ಅವನು ಕಣ್ಣೊರೆಸಿಕೊಂಡು, ಬಣ್ಣ ಕಣ್ಣಿಗೆ ಬಿತ್ತು ಎಂದ. ಬಣ್ಣದ ಡಬ್ಬಿಗೆ ಮುಚ್ಚಳ ಹಾಕಿತ್ತು.

ನೀನೀಗ ಏನೂ ಯೋಚಿಸಬೇಡ. ಓದು, ಮೇಜಿನ ಮೇಲೆ ನೀರು ಚೆಲ್ಲು.

ಏಣಿ ಸಿಕ್ಕರೆ ಮೊದಲು ಹತ್ತು,
ಆಮೇಲೆ ಕೇಳು ಯಾರ ಸೊತ್ತು.

ಮಾವ


ಹಾಸ್ಟೆಲ್, ನವೆಂಬರ್ 26

ಮಾವ,

ಎಲ್ಲದರಲ್ಲೂ ಪಾಸ್. ಗಣಿತದಲ್ಲಿ ಅರವತ್ತೊಂದು. ಸೀಟು ಉಳಿಯಿತು, ಇನ್ನು ಏಪ್ರಿಲ್ ಪರೀಕ್ಷೆ ದಾಟಿದರೆ ಎರಡನೆಯ ವರ್ಷ. ಅದೇ ತಲೆ, ಅದೇ ಪುಸ್ತಕ, ಅದೇ ಮೇಷ್ಟ್ರು. ಕೂರುವ ಜಾಗ ಮಾತ್ರ ಬೇರೆ. ಒಂದು ಜಾಗಕ್ಕೆ ಸೇರಿದವಳು ಎನಿಸಿದರೆ ತಲೆ ಇಷ್ಟು ಹಗುರಾಗುತ್ತದೆಂದು ಯಾವ ಪುಸ್ತಕದಲ್ಲೂ ಇಲ್ಲ.

ಒಂದೇ ಒಂದು ವಿಚಿತ್ರ. ಏಣಿ ಅಕ್ಕ ಪ್ರಾಸ ಕಟ್ಟಿ ಮಾತಾಡುವುದು ನನ್ನ ಜೊತೆ ಮಾತ್ರ. ತಮ್ಮತಮ್ಮಲ್ಲಿ ಅವರು ಎಲ್ಲರ ಹಾಗೇ ಮಾತಾಡುತ್ತಾರೆ. ನಾನು ಬಂದು ಕೂತರೆ ಶುರು. ಇರಲಿ.

ಇನ್ನೊಂದು ವಿಷಯ, ನಾಚಿಕೆಯಾಗುತ್ತದೆ. ಇತ್ತೀಚೆಗೆ ನನಗೆ ಪಾರಿವಾಳ ಕಂಡರೆ ಆಗುವುದಿಲ್ಲ. ರೆಕ್ಕೆಯ ಸದ್ದಿಗೇ ಮೈ ಜುಮ್ಮೆನ್ನುತ್ತದೆ, ಊಟ ಗಂಟಲಲ್ಲಿ ಇಳಿಯುವುದಿಲ್ಲ. ಇಲ್ಲಿ ಯಾರಿಗೂ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ. ನಿನಗೊಬ್ಬನಿಗೇ.

ಸಾಸಿವೆ


ಕಂಪನಿ ಕ್ಯಾಂಪ್, ಡಿಸೆಂಬರ್ 4

ಸಾಸಿವೆ,

ಅರವತ್ತೊಂದು! ನನ್ನ ಬಿ.ಎ.ಯ ಮೂರು ವರ್ಷದ ಅಂಕ ಕೂಡಿಸಿದರೂ ಅಷ್ಟು ಗೌರವ ಬರುವುದಿಲ್ಲ. ಮಾಲೀಕರು ಎಲ್ಲರಿಗೂ ಚಹಾ ಹೇಳಿದರು, ನನ್ನ ಲೆಕ್ಕದಲ್ಲಿ.

ಪ್ರಾಸದ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ಒಳ್ಳೆಯ ಚಟ ಬೇಗ ಅಂಟುವುದಿಲ್ಲ, ಅಂಟಿದರೆ ಬಿಡುವುದಿಲ್ಲ. ಪಾರಿವಾಳದ ಸಂಗತಿ ನನ್ನ ಹೊಟ್ಟೆಯಲ್ಲೇ ಇರುತ್ತದೆ. ಪ್ರಾಂಪ್ಟರನ ಹೊಟ್ಟೆಯಲ್ಲಿ ನಲವತ್ತು ನಾಟಕ ಇವೆ, ಒಂದೂ ತಾನಾಗಿ ಆಚೆ ಬಂದಿಲ್ಲ.

ಮಾವ


ಹಾಸ್ಟೆಲ್, ಡಿಸೆಂಬರ್ 17

ಮಾವನವರಿಗೆ,

ನನಗೆ ಪಾರಿವಾಳ ಕಂಡರೆ ಏನೂ ಆಗುವುದಿಲ್ಲ. ನನ್ನ ರೂಮಿನ ಕಿಟಕಿಗೆ ದಿನಾ ಮೂರು ಬರುತ್ತವೆ, ತುತ್ತು ಹಾಕುವವಳೇ ನಾನು. ಆ ಸುಳ್ಳನ್ನು ಬೇಕೆಂದೇ ಬರೆದೆ, ನಿಮಗೊಬ್ಬರಿಗೇ ಬರೆದೆ. ಕಳೆದ ಭಾನುವಾರ ಏಣಿ ಅಕ್ಕ ಊಟದ ಹಾಲಿಗೆ ಬಂದವಳೇ ಕಿಟಕಿ ಹಾಕಿದಳು. ಯಾಕೆ ಎಂದು ಕೇಳಿದೆ.

‘ಪಾರಿವಾಳ ಕಣೇ. ನಿನಗಾಗಲ್ಲವಲ್ಲ.’

ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖ ಇಳಿಯಿತು. ಪಾಪ, ಸುಳ್ಳು ಹೇಳಲು ಪ್ರಯತ್ನವನ್ನೂ ಮಾಡಲಿಲ್ಲ. ಅವಳ ಅಮ್ಮ ನಿಮ್ಮ ಕಂಪನಿಯ ಹಳೆಯ ನಟಿಯಂತೆ. ಆಗಸ್ಟಿನಲ್ಲಿ ನೀವು ಕಿರೀಟಕ್ಕೆಂದು ಮಾಡಿದ ಫೋನು ಆ ಮನೆಗೆ. ಆಮೇಲೆ ಪ್ರತಿ ಭಾನುವಾರ ಅವಳು ಹಾಸ್ಟೆಲ್ ಎದುರಿನ ಅಂಗಡಿಯಿಂದ ನೀವಿರುವ ಊರಿನ ಅಂಗಡಿಗೆ ಫೋನ್ ಮಾಡಿ ನನ್ನ ವರದಿ ಕೊಡುವುದು, ನೀವು ಮುಂದಿನ ವಾರಕ್ಕೆ ಏನು ಮಾಡಬೇಕೆಂದು ಹೇಳಿಕೊಡುವುದು.

‘ಇಲ್ಲ ಅನ್ನೋಕಾಗಲಿಲ್ಲ ಕಣೇ. ಅಮ್ಮ ಸ್ಟೇಜ್ ಮೇಲಿದ್ರೆ ಸಣ್ಣೋಳಾಗಿದ್ದ ನನ್ನ ನೋಡ್ಕೋತಿದ್ದಿದ್ದೇ ನಿಮ್ಮ ಮಾವ.’

ಇಲ್ಲ ಅನ್ನೋಕಾಗಲಿಲ್ಲ. ಮೂರು ತಿಂಗಳು ನಾನು ಕೂತದ್ದು ಈ ಮಾತಿನ ಮೇಲೆ. ಜ್ವರಕ್ಕೂ ಗೊತ್ತಿತ್ತು. ಬ್ಯಾಗು ಕೆಳಗಿಟ್ಟು ಜಾಗ ಕೊಟ್ಟಳಲ್ಲ ಗಡಿಯಾರ, ಅವಳಿಗೂ ಗೊತ್ತಿತ್ತು.

ನಿಮ್ಮ ನಾಯಕನ ಕತೆ ನೆನಪಾಯಿತು. ಮರೆಯಲ್ಲಿ ಪ್ರಾಂಪ್ಟರ್ ಇರುವುದು ಪ್ರೇಕ್ಷಕರಿಗೆ ಗೊತ್ತಾಗಬಾರದು, ಸರಿ. ಆದರೆ ನಟನಿಗೆ ಗೊತ್ತಿರುತ್ತದೆ. ಇಲ್ಲಿ ಮೇಜಿನವರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಅಂದರೆ ನನಗೆ ನೀವು ಪದ ಎಸೆಯಲಿಲ್ಲ. ನನ್ನನ್ನು ಕೆಳಗೆ ಕೂರಿಸಿ ನಾಟಕ ತೋರಿಸಿದಿರಿ. ಚಪ್ಪಾಳೆ ತಟ್ಟಿದ್ದು ನಾನು. ಕಂಪನಿಯಲ್ಲೆಲ್ಲ ಓದಿ ಹೇಳಿದಿರಲ್ಲ, ಆ ಪತ್ರವೇ ಚಪ್ಪಾಳೆ.

ಅನುಮಾನ ಬಂದದ್ದು ಹೇಗೆ ಗೊತ್ತೇ? ಪ್ರಾಸದಿಂದ. ‘ಅವಳಿಗೆ ಪ್ರಾಸ ಎಂದರೆ ಪ್ರಾಣ’ ಎಂದು ಹೇಳಿಕೊಟ್ಟಿದ್ದೀರಿ. ನನಗೆ ಪ್ರಾಸ ಎಂದೂ ಇಷ್ಟವಿರಲಿಲ್ಲ. ಅತ್ತೆ ನಿಮ್ಮನ್ನು ಬಿಟ್ಟುಹೋದ ವರ್ಷ ನೀವು ನಮ್ಮ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಿರಿ. ಅಮ್ಮ ಏನು ಹೇಳಿದರೂ ಏಳುತ್ತಿರಲಿಲ್ಲ. ನಾನು ಪ್ರಾಸ ಹೇಳಿದರೆ ನಗುತ್ತಿದ್ದಿರಿ. ಅದಕ್ಕೆ ಹೇಳಿದೆ. ನೀವು ಚೇತರಿಸಿಕೊಂಡಿರಿ, ಆಟ ಮಾತ್ರ ನಿಲ್ಲಲಿಲ್ಲ.

ಅರವತ್ತೊಂದು ಯಾರದು ಎಂದು ಯೋಚಿಸುತ್ತಿದ್ದೇನೆ. ಮತ್ತೆ ಡ್ರಮ್ಮಿನ ಹತ್ತಿರ ಬಂದಿದ್ದೇನೆ. ದಯವಿಟ್ಟು ಯಾರನ್ನೂ ಕಳಿಸಬೇಡಿ.


ಕಂಪನಿ ಕ್ಯಾಂಪ್, ಡಿಸೆಂಬರ್ 28

ಸಾಸಿವೆ,

‘ಮಾವನವರಿಗೆ’ ಎಂದಿದ್ದೀಯ. ‘ನೀವು’ ಎಂದಿದ್ದೀಯ. ಸಂಬಳ ಕೇಳಲು ಹೋದಾಗಲೂ ಮಾಲೀಕರು ನನಗೆ ಇಷ್ಟು ಮರ್ಯಾದೆ ಕೊಟ್ಟಿಲ್ಲ.

ಸಿಟ್ಟು ಮಾಡಿಕೋ, ಆದರೆ ಲೆಕ್ಕ ತಪ್ಪಬೇಡ. ಅರವತ್ತೊಂದು ನಿನ್ನದೇ. ನಾನು ಕುರ್ಚಿ ಎಳೆದುಕೊಟ್ಟೆ, ಪರೀಕ್ಷೆ ಬರೆಯಲಿಲ್ಲ. ಒಬ್ಬ ಮನುಷ್ಯ ಮುಳುಗುತ್ತಿರುವಾಗ ಹಗ್ಗ ಯಾರದು, ಯಾರು ಹೊಸೆದದ್ದು, ಪ್ರೀತಿಯಿಂದ ಎಸೆದರೋ ದಾಕ್ಷಿಣ್ಯಕ್ಕೆ ಎಸೆದರೋ ಎಂದು ಕೇಳುತ್ತಾ ಕೂರುತ್ತಾನೆಯೇ? ಎಸೆಯದಿದ್ದರೆ ನೀನೀಗ ಇಲ್ಲಿ ರಾಜನ ಪೋಷಾಕಿಗೆ ಇಸ್ತ್ರಿ ಹಾಕುತ್ತಿದ್ದೆ.

ಇನ್ನು ನಿನ್ನ ವಿಷಯಕ್ಕೆ ಬಾ. ಹತ್ತು ವರ್ಷ ನನ್ನೆದುರು ನಟಿಸಿದೆಯಲ್ಲ. ನಮ್ಮ ನಾಯಕಿ ಮೂರು ಗಂಟೆ ನಟಿಸಿ ಸೊಂಟ ಹಿಡಿಯಿತೆನ್ನುತ್ತಾಳೆ. ಮೋಸ ಮಾಡಿದವರು ಯಾರು, ಮೋಸ ಹೋದವರು ಯಾರು?

ನಾಟಕ ಆಡಿದ್ದು ಇಬ್ಬರೂ ತಾನೇ,
ನಿನಗೊಂದು ನ್ಯಾಯ, ನನಗೊಂದೇನೆ?

ಮಾವ


ಕಂಪನಿ ಕ್ಯಾಂಪ್, ಜನವರಿ 30

ಸಾಸಿವೆ,

ಉತ್ತರವಿಲ್ಲ. ಹಿಂದಿನ ಪತ್ರದ ಕೊನೆಯಲ್ಲಿ ಪ್ರಾಸ ಹಾಕಿದ್ದೆ. ಅಂಚೆಗೆ ಹಾಕಿದ ಮೇಲೆ ಡಬ್ಬಿಯೊಳಗೆ ಕೈ ಹೋಗುತ್ತದೆಯೇ ಎಂದು ನೋಡಿದೆ. ಹೋಗಲಿಲ್ಲ.

ಮೊನ್ನೆ ಶೋದಲ್ಲಿ ನಾಯಕ ಮತ್ತೆ ನಿಂತ. ಪದ ಎಸೆಯುವ ಮೊದಲು ಅವನ ಮುಖ ನೋಡಿದೆ, ಇಷ್ಟು ವರ್ಷದಲ್ಲಿ ಮೊದಲ ಸಲ ನೋಡಿದೆನೇನೋ. ಅವನು ನನ್ನ ಕಡೆ ತಿರುಗಿ ಕಣ್ಣಲ್ಲೇ ಕೇಳಿದ. ನೀನು ಕೇಳಿರಲಿಲ್ಲ. ನೀನು ಕೇಳಿದ್ದು ಇಸ್ತ್ರಿ ಕೆಲಸ, ನಾನು ಕೊಟ್ಟದ್ದು ಗೆಳತಿಯರನ್ನು. ಗೆಳತಿಯರನ್ನು ಕೊಡಲು ನಾನು ಯಾರು?

ಮೊದಲ ದಿನ ಕುರ್ಚಿ ಎಳೆಸಿ ಸುಮ್ಮನಾಗಬಹುದಿತ್ತು. ಆಗಲಿಲ್ಲ. ಭಾನುವಾರ ಬಂತೆಂದರೆ ಊಟ ಬಿಟ್ಟು ಫೋನಿನ ಹತ್ತಿರ ಕಾದಿರುತ್ತಿದ್ದೆ. ಏನು ಓದಿದಳು ಎಂದು ಕೇಳುತ್ತಿದ್ದೆ, ಯಾವುದಕ್ಕೆ ನಕ್ಕಳು ಎಂದು ಕೇಳುತ್ತಿದ್ದೆ. ನಿನಗಾಗಿ ಎಂದುಕೊಂಡಿದ್ದೆ. ಆ ಮೇಜಿನಲ್ಲಿ ನಾನೂ ಒಂದು ಜಾಗ ಮಾಡಿಕೊಂಡಿದ್ದೆ ಎಂದು ಈಗ ಅನಿಸುತ್ತದೆ. ಪಾರಿವಾಳದ ಮಾತನ್ನು ಯಾರಿಗೂ ಹೇಳುವುದಿಲ್ಲ ಎಂದು ಬರೆದ ಕೈ ಇದೇ, ಮೂರು ದಿನಕ್ಕೆ ಫೋನ್ ಎತ್ತಿದ ಕೈಯೂ ಇದೇ.

ಏಪ್ರಿಲ್ ಪರೀಕ್ಷೆ ನನ್ನ ಮೇಲಿನ ಸಿಟ್ಟಿಗೆ ಹಾಳಾಗದಿರಲಿ. ಇಷ್ಟೇ ಬೇಡಿಕೆ.

ಮಾವ


ಕಂಪನಿ ಕ್ಯಾಂಪ್, ಮಾರ್ಚ್ 12

ಸಾಸಿವೆ,

ಭಾನುವಾರ ಏಣಿಯ ಫೋನ್ ಬಂದಿತ್ತು. ‘ಮಾವ, ಅವಳು ಈಗ...’ ಎಂದಳು. ಹೇಳಬೇಡ ತಾಯಿ ಎಂದೆ. ‘ಒಳ್ಳೆ ಸುದ್ದಿನೇ ಇರಬಹುದಲ್ಲ’ ಎಂದಳು. ಯಾವುದಾದರೂ ಆಗಿರಲಿ, ಬೇಡ ಎಂದೆ. ಇನ್ನು ಮುಂದೆ ಫೋನ್ ಮಾಡಬೇಡ ಎಂದೂ ಹೇಳಿದೆ. ಇಟ್ಟ ಮೇಲೆ ಅಂಗಡಿಯವನು ಒಂದು ಲೋಟ ನೀರು ಕೊಟ್ಟ. ಮುಖ ಹಾಗಿತ್ತಂತೆ.

ನೀನು ಊಟ ಮಾಡುತ್ತೀಯೋ, ನಿಂತೋ ಕೂತೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ನಿನಗೆ ಗೊತ್ತಿರಲಿ ಎಂದು ಬರೆದೆ.

ಮಾವ


ಹಾಸ್ಟೆಲ್, ಮೇ 20

ಮಾವ,

ಫಲಿತಾಂಶ ಬಂತು. ಎಲ್ಲದರಲ್ಲೂ ಪಾಸ್, ಭೌತಶಾಸ್ತ್ರದಲ್ಲಿ ಮಾತ್ರ ಬಾಗಿಲಿಗೆ ತಲೆ ತಗುಲಿಸಿಕೊಂಡು, ಕೂದಲೆಳೆಯಲ್ಲಿ. ಎರಡನೆಯ ವರ್ಷದ ಸೀಟು ಇದೆ. ಅಮ್ಮನಿಗೆ ಆಗಲೇ ಬರೆದೆ. ನಿಮಗೆ ಬರೆಯಬಾರದು ಎಂದುಕೊಂಡಿದ್ದೆ. ಆದರೆ ಮಾರ್ಚಿನ ಪತ್ರ ಪರೀಕ್ಷೆಯ ಉದ್ದಕ್ಕೂ ಪುಸ್ತಕದೊಳಗಿತ್ತು.

ನಿಜ ಹೇಳುತ್ತೇನೆ. ಜನವರಿ ಪೂರ್ತಿ ಒಬ್ಬಳೇ ನಿಂತು ತಿಂದೆ, ಒಬ್ಬಳೇ ಕೂತು ಓದಿದೆ. ಫೆಬ್ರವರಿ ಟೆಸ್ಟಿನಲ್ಲಿ ಗಣಿತ ಮತ್ತೆ ಹೋಯಿತು. ಡಿಸೆಂಬರಿನಲ್ಲಿ ಬಿಡಿಸುತ್ತಿದ್ದ ಲೆಕ್ಕಗಳೇ. ಕೈ ಎತ್ತಲು ಹೋದರೆ ಮತ್ತೆ ಅರ್ಧಕ್ಕೇ ನಿಂತಿತು. ನೀವು ಹೇಳಿದ್ದು ಸರಿ, ಒಂಟಿ ಎನಿಸಿದರೆ ಪಾರ್ಟು ಹೊರಡುವುದಿಲ್ಲ. ನೀವು ಹೇಳಿದ್ದು ತಪ್ಪಾಗಿದ್ದರೆ ಸುಲಭವಾಗುತ್ತಿತ್ತು. ಸರಿಯಾದದ್ದನ್ನು ಹೀಗೆ ಮಾಡಿದಿರಲ್ಲ ಎಂಬುದಕ್ಕೇ ಸಿಟ್ಟು ಇಳಿಯುತ್ತಿಲ್ಲ.

ಏಣಿ ಅಕ್ಕ ಕಾಲೇಜು ಮುಗಿಸಿ ಹೋದಳು. ಹೋಗುವ ಮುನ್ನ ರೂಮಿನ ಬಾಗಿಲಲ್ಲಿ ನಿಂತು, ‘ಮೊದಮೊದಲು ನಿಮ್ಮ ಮಾವ ಹೇಳಿದ್ದಕ್ಕೆ ನಿನ್ನ ಪಕ್ಕ ಕೂತೆ, ಹೌದು. ಆಮೇಲಿಂದು ಯಾರೂ ಹೇಳಿಕೊಟ್ಟಿದ್ದಲ್ಲ’ ಎಂದಳು. ನಂಬಬೇಕೆಂದು ಬಹಳ ಆಸೆಯಾಯಿತು. ಆ ‘ಆಮೇಲೆ’ ಯಾವ ದಿನದಿಂದ ಶುರುವಾಯಿತು ಎಂದು ಕೇಳಿದೆ. ಅವಳಿಗೆ ಹೇಳಲಾಗಲಿಲ್ಲ. ನಗಿಸಿದ ಪ್ರತಿ ಮಾತನ್ನೂ ಈಗ ತಿರುಗಿಸಿ ನೋಡುತ್ತೇನೆ, ಹಿಂದೆ ನಿಮ್ಮ ಅಕ್ಷರ ಇದೆಯೇ ಎಂದು. ಈ ಚಟವನ್ನು ನನಗೆ ಅಂಟಿಸಿದ್ದು ನೀನು ಮಾವ. ಅದು ಯಾವಾಗ ಬಿಡುತ್ತದೋ ಗೊತ್ತಿಲ್ಲ.

ನಾನೂ ಹತ್ತು ವರ್ಷ ನಟಿಸಿದೆ ಎಂದಿದ್ದೆಯಲ್ಲ. ಹೌದು. ನಿನಗೆ ಎಷ್ಟು ನೋವಾಯಿತು ಎಂದು ನಿನ್ನ ಪತ್ರ ನೋಡಿ ಗೊತ್ತಾಯಿತು. ನನಗೂ ಅಷ್ಟೇ ಆಗಿದೆ. ಅದಕ್ಕಿಂತ ದೊಡ್ಡ ಅಳತೆ ನನ್ನ ಬಳಿ ಇಲ್ಲ.

ಮಾರ್ಚಿನಿಂದ ನಾನು ಒಬ್ಬಳೇ ಕೂರುತ್ತಿಲ್ಲ. ಅದರಿಂದಲೇ ಪಾಸಾದೆ. ಆದರೆ ಯಾವ ಮೇಜು, ಯಾರ ಪಕ್ಕ, ಅವರು ಕರೆದರೋ ನಾನೇ ಹೋದೆನೋ, ಹಳಬರೋ ಹೊಸಬರೋ, ಅದನ್ನು ನಿನಗೆ ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲ ಎಂಬ ಕಾರಣಕ್ಕೇ ಅಲ್ಲಿ ನನಗೆ ನೆಮ್ಮದಿಯಾಗಿ ಕೂರಲಾಗುತ್ತದೆ.

ರಜೆಗೆ ಮನೆಗೆ ಬರುತ್ತಿದ್ದೇನೆ, ನೀನೂ ಬಾ. ಆ ಮೇಜಿನ ಬಗ್ಗೆ ಮಾತ್ರ ಕೇಳಬೇಡ. ಕೇಳಿದರೆ ಒಂದು ಸುಳ್ಳು ಹೇಳುತ್ತೇನೆ. ಆಮೇಲೆ ಅದು ಯಾರ ಬಾಯಿಂದ ತಿರುಗಿ ಬರುತ್ತದೋ ಎಂದು ವರ್ಷವಿಡೀ ಕಾಯುತ್ತಾ ಕೂರಬೇಕಾಗುತ್ತದೆ.

ಸಾಸಿವೆ